ಜೋಳದ ಕೋಠಿಯೊಳಗೆ ದ್ರಾಕ್ಷಿ ರಸ

ದ್ರಾಕ್ಷಿ ರಸವನ್ನು ಕುದಿಸದೆ ಬಾಟಲಿಗೆ ತುಂಬಿ ಬುಚ್ಚ ಜಡಿದರೆ ಅದು ಹುಳಿಯುತ್ತದೆ, ಉಬ್ಬುತ್ತದೆ, ಕೊನೆಗೆ ಬುಚ್ಚವನ್ನು ಒದ್ದು ಹೊರಬರುತ್ತದೆ. ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ಮುಲುಂಡಿನ ಶಶಿಕಾಂತನಿಗೂ ಗೊತ್ತಿರಬೇಕಿತ್ತು. ಆದರೆ ಆಹಾರದ ಬಗ್ಗೆ ಬೇರೆಲ್ಲವೂ ಗೊತ್ತಿದ್ದುದರಿಂದ ಇಂಥ ಸಣ್ಣ ವಿಷಯಕ್ಕೆ ಅವನ ತಲೆಯಲ್ಲಿ ಜಾಗ ಉಳಿದಿರಲಿಲ್ಲ.

ಪರೇಲಿನ ವಿಮಾ ಕಚೇರಿಗೆ ಹೋಗುವ ಲೋಕಲ್‌ನಲ್ಲಿ ಒಂದು ಕಾಲಿನ ಮೇಲೆ ನಿಂತೇ ಅವನು ಉಪನ್ಯಾಸ ಕೊಡುತ್ತಿದ್ದ. ಪೆಟ್ಟಿಗೆಯಲ್ಲಿ ಬರುವ ಜ್ಯೂಸ್ ಎಂದರೆ ಬಣ್ಣ ಬಳಿದ ಸಕ್ಕರೆ ನೀರು, ಅದನ್ನು ಮಕ್ಕಳಿಗೆ ಕುಡಿಸುವವರನ್ನು ಜೈಲಿಗೆ ಹಾಕಬೇಕು, ಇತ್ಯಾದಿ. ಪಕ್ಕದವರು ಓಡಿಹೋಗುವಂತಿರಲಿಲ್ಲ, ಆ ಗರ್ದಿಯಲ್ಲಿ ಕೈ ಎತ್ತುವುದೂ ಕಷ್ಟ. ಹಾಗಿರುವಾಗ ವಿಜಯಪುರದ ಕಡೆಯಿಂದ ಸೋದರಮಾವ ಗದಿಗೆಪ್ಪ ತೋಟದ ದ್ರಾಕ್ಷಿಯನ್ನು ಪೆಟ್ಟಿಗೆಗಟ್ಟಲೆ ರಾತ್ರಿ ಬಸ್ಸಿಗೆ ಹಾಕಿ ಕಳಿಸಿದ. ಶಶಿಕಾಂತ ಅಡುಗೆಮನೆಯ ನಡುವೆ ನಿಂತು ಪಂಚೆ ಎತ್ತಿ ಕಟ್ಟಿದ.

"ಶೈಲಾ, ಈ ಬ್ಯಾಸಿಗಿಗೆ ನಮ್ಮ ಮನ್ಯಾಗ ಅಂಗಡಿ ಜ್ಯೂಸ್ ಬರಂಗಿಲ್ಲ. ಮಳಿಗಾಲದ ತನಕ ಸಾಲೂವಷ್ಟು ನಾನ ಮಾಡ್ತೀನಿ."

"ಮಾಡ್ರಿ. ಕುದಿಸಿ ಇಡ್ರಿ ಅಷ್ಟ," ಎಂದಳು ಹೆಂಡತಿ.

"ಕುದಿಸಿದ್ರ ಅದರಾಗಿನ ಜೀವಸತ್ವ ಸಾಯ್ತಾವ."

"ಹಂಗಾದ್ರ ಫ್ರಿಜ್‌ನ್ಯಾಗ ಇಡ್ರಿ."

"ಫ್ರಿಜ್‌ನ್ಯಾಗ ಬರೇ ತಂಪು ಐತಿ. ಪ್ರಾಣ ಇಲ್ಲ."

"ಪ್ರಾಣ ಇದ್ದದ್ದು ಬಾಟ್ಲ್ಯಾಗ ಸುಮ್ಮ ಕುಂದರತೈತೇನ್ರಿ?"

ಮಹಾಕಾರ್ಯಕ್ಕೆ ಹೊರಟವರು ಇಂಥ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ. ಮಿಕ್ಸರ್ ಸಂಜೆಯವರೆಗೆ ಅರಚಿತು. ಹಳೆಯ ಪಂಚೆಯಲ್ಲಿ ಸೋಸಿದ ರಸ ಗಾಜಿನ ಬಾಟಲಿಗಳನ್ನು ಸೇರಿತು. ಉಳಿದದ್ದು ಗೋಡೆ, ಗ್ಯಾಸಿನ ಒಲೆ, ಶೈಲಾಳ ಉಪ್ಪಿನ ಡಬ್ಬಿಗಳನ್ನು ಸೇರಿತು. ಗಂಡ ಬುಚ್ಚ ಜಡಿಯುತ್ತ ಹಾಡು ಗುನುಗಿದ. ಹೆಂಡತಿ ಗೋಡೆ ಒರೆಸಿದಳು. ಈ ದೇಶದಲ್ಲಿ ಗಂಡಸರು ಅಡುಗೆಮನೆಗೆ ಇಳಿದು ಮಾಡಿದ ಉಪಕಾರದ ಅರ್ಧ ಚರಿತ್ರೆ ಆ ಒರೆಸುವ ಬಟ್ಟೆಯಲ್ಲಿದೆ. ಅದನ್ನು ಯಾರೂ ಬರೆದಿಲ್ಲ.

ಈಗ ಬಾಟಲಿಗಳನ್ನು ಎಲ್ಲಿಡುವುದು? ಶಶಿಕಾಂತನಿಗೆ ಊರು ನೆನಪಾಯಿತು. ಊರಿನಲ್ಲಿ ಸೀತಾಫಲ, ಮಾವಿನಕಾಯಿ, ಬೆಲ್ಲ, ಒಮ್ಮೊಮ್ಮೆ ಬಂಗಾರ, ಜೋಪಾನವಾಗಿರಬೇಕಾದದ್ದನ್ನೆಲ್ಲ ಹುಗಿಯುತ್ತಿದ್ದುದು ಜೋಳದೊಳಗೆ. ಮನೆಯಲ್ಲಿ ಜೋಳ ತುಂಬಿದ ಸ್ಟೀಲಿನ ಕೋಠಿಯೊಂದು ಇದ್ದೇ ಇತ್ತು. ಯಾರಿಗೂ ಹೇಳದೆ ಬಾಟಲಿಗಳನ್ನು ಕುತ್ತಿಗೆಯವರೆಗೆ ಜೋಳದಲ್ಲಿ ಹುಗಿದು ಮುಚ್ಚಳ ಹಾಕಿದ. ಸೀತಾಫಲವನ್ನು ಅಲ್ಲಿಡುತ್ತಿದ್ದುದು ಜೋಳದ ಕಾವಿಗೆ ಬೇಗ ಹಣ್ಣಾಗಲೆಂದು. ಅದೊಂದೇ ಅವನಿಗೆ ನೆನಪಾಗಲಿಲ್ಲ.

ಆ ಕೋಠಿ ಸಾಮಾನ್ಯ ಕೋಠಿಯಲ್ಲ. ಕಳೆದ ವರ್ಷ ಯುಗಾದಿಯ ಮೇಲೆ ತಾಯಿ ಅಂಬವ್ವ ಹೊಲದ ಬಿಳಿಜೋಳದ ಚೀಲಗಳೊಂದಿಗೆ ಮುಲುಂಡಿಗೆ ಬಂದಿಳಿದಾಗ ಒಂದು ಕರಾರು ಹಾಕಿದ್ದಳು: "ನನ್ನ ಜೋಳ ಇರೋತನಕ ಇರ್ತೀನಿ. ಮುಗದ ದಿನ ಬಸ್ ಹತ್ತಸ್ರಿ." ಅಂಗಡಿ ಜೋಳದ ರೊಟ್ಟಿ ರಟ್ಟು ತಿಂದಂತೆ ಎಂಬುದು ಅವಳ ಮತ. ಅಂದಿನಿಂದ ಶಾಲೆ ಮುಗಿಸಿ ಬಂದ ಶೈಲಾ ಟೀಚರಿಗೆ ಚಹಾದ ಜೊತೆ ಅತ್ತೆ ಸಿಕ್ಕಿದ್ದಳು. ಇಬ್ಬರೂ ಬಿಲ್ಡಿಂಗಿನವರನ್ನೆಲ್ಲ ಒಬ್ಬೊಬ್ಬರಾಗಿ ಹಸನು ಮಾಡಿ, ಕೇರಿ, ಬದಿಗಿಡುತ್ತಿದ್ದರು. ಅತ್ತೆ ಹೋದರೆ ಸಂಜೆ ಮಾತಿಗೆ ಉಳಿಯುವವನು ಶಶಿಕಾಂತ. ಅವನ ಮಾತೆಂದರೆ ಜೀವಸತ್ವ.

ಹಿಟ್ಟು ಆಗಷ್ಟೇ ಬೀಸಿ ತಂದದ್ದರಿಂದ ಕೋಠಿಯ ಮುಚ್ಚಳವನ್ನು ಕೆಲವು ದಿನ ಯಾರೂ ತೆಗೆಯಲಿಲ್ಲ. ಭಾನುವಾರ ಬೆಳಿಗ್ಗೆ ಅಂಬವ್ವ ರೊಟ್ಟಿ ಬಡಿಯುತ್ತಿದ್ದಳು. ಕೋಠಿಯೊಳಗಿನಿಂದ 'ಟಣ್' ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ.

"ಕೋಠಿ ಒಳಗ ಇಲಿ ಹೊಕ್ಕೈತಿ ನೋಡು," ಎಂದಳು ಅಂಬವ್ವ.

ಶಶಿಕಾಂತ ಕಸಬರಿಗೆ ಹಿಡಿದು ವೀರನಂತೆ ನುಗ್ಗಿ ಮುಚ್ಚಳ ತೆಗೆದ. ಮುಂದಿನ ಬುಚ್ಚ ಹಣೆಗೆ ಬಡಿಯಿತು. ಉಳಿದವು ಗಣ್ಯರು ಬಂದಾಗ ಹಾರಿಸುವ ಕುಶಾಲುತೋಪಿನಂತೆ ಸಾಲಾಗಿ ಹಾರಿದವು. ನೇರಳೆ ಕಾರಂಜಿ ಫ್ಯಾನಿಗೆ ತಾಗಿ, ಫ್ಯಾನು ಅದನ್ನು ಮನೆಮಂದಿಗೆಲ್ಲ ಸಮನಾಗಿ ಹಂಚಿತು. ಉಳಿದ ರಸ ಬುಳುಬುಳು ಎನ್ನುತ್ತ ಜೋಳದೊಳಗೆ ಇಳಿಯಿತು.

ಅಂಬವ್ವ ಎದ್ದು ಬಂದು ಒಂದು ಹಿಡಿ ಜೋಳ ಎತ್ತಿ ಮೂಸಿದಳು.

"ಶಶ್ಯಾ, ನಿಮ್ಮಪ್ಪ ಈ ಸೆರೆ ವಾಸನಿ ಹೊಸ್ತಲಾ ದಾಟಗೊಡಲಿಲ್ಲ. ನೀ ರೊಟ್ಟಿಗೇ ಕುಡಸಿಬಿಟ್ಟಿ."

"ಅವ್ವಾ, ಒಣಗಿಸಿದ್ರ ಸರಿ ಆಗ್ತೈತಿ."

"ಆದ್ರ ಛಲೋ ಆತು. ಇಲ್ಲಂದ್ರ ಬಸ್ಸಿನ ಟಿಕೇಟ ತಗಸು."

ಶೈಲಾಳ ಮುಖ ಬಾಡಿತು. ಶಶಿಕಾಂತ ಜೋಳವನ್ನು ಬಕೆಟಿಗೆ ತುಂಬಿ ಎತ್ತಿದ. ರಸ ಸೋರುತ್ತದೆಂದು ವಾಚ್‌ಮನ್ ಲಿಫ್ಟಿಗೆ ಬಿಡಲಿಲ್ಲ. ಮೆಟ್ಟಿಲು ಹತ್ತಿ, ಇಳಿದು, ಮತ್ತೆ ಹತ್ತಿ, ಜೋಳವನ್ನೆಲ್ಲ ಟೆರೇಸಿನ ಬಿಸಿಲಿಗೆ ಹರವಿದ. ಮುಲುಂಡಿನ ಪಾರಿವಾಳಗಳಿಗೆ ಯಾರು ಸುದ್ದಿ ಮುಟ್ಟಿಸಿದರೋ, ಗುಂಪುಗುಂಪಾಗಿ ಬಂದವು. ಅವನು ಕಸಬರಿಗೆ ಬೀಸುತ್ತ ಈ ತುದಿಗೆ ಓಡಿದರೆ ಅವು ಆ ತುದಿಯಲ್ಲಿ ತಿಂದವು. ಸೊಸೈಟಿಯ ಸೆಕ್ರೆಟರಿ, ಉಡುಪಿ ಕಡೆಯ ರಮಾನಾಥ, ಸದ್ದು ಕೇಳಿ ಮೇಲೆ ಬಂದ.

"ಎಂಥದು ಮಾರಾಯ್ರೆ? ಪಾರಿವಾಳಕ್ಕೆ ಕಾಳು ಹಾಕ್ಬಾರ್ದು ಅಂತ ಗಲಾಟೆ ಮಾಡಿ ನೋಟಿಸ್ ಹಚ್ಚಿಸಿದ್ದು ನೀವೇ ಅಲ್ವಾ?"

"ಹಾಕಿಲ್ರೀ. ಒಣಗಸಾಕತ್ತೀನಿ."

"ಮತ್ತೆ ಆ ಪಾರಿವಾಳ ಯಾಕೆ ನಡ್ಕೊಂಡು ಹೋಗಿ ಗೋಡೆಗೆ ಡಿಕ್ಕಿ ಹೊಡೀತಾ ಉಂಟು?"

ಶಶಿಕಾಂತ ಆ ಪಾರಿವಾಳದತ್ತ ಕಸಬರಿಗೆ ಬೀಸಿದ. ರಮಾನಾಥ ತಲೆ ಅಲ್ಲಾಡಿಸುತ್ತ ಇಳಿದುಹೋದ. ಮಧ್ಯಾಹ್ನ ಶೈಲಾ ಛತ್ರಿ, ಮಜ್ಜಿಗೆ ತಂದಾಗ ಗಂಡ ಜೋಳದ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ಕಣ್ಣಲ್ಲಿ ನೀರಿತ್ತು.

"ನಮ್ಮ ಹೊಲದ ಜೋಳ, ಶೈಲಾ. ನನ್ನಿಂದ ಅವ್ವ ಹೋಗ್ತಾಳ."

ಶೈಲಾ ಮೆಟ್ಟಿಲಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಅದು ಹೊಲದ ಜೋಳ ಅಲ್ರಿ. ಹೊಲದ್ದು ದೀಪಾವಳಿಗೇ ಮುಗದೈತಿ. ಸ್ಟೇಷನ್ ಕಡಿ ಅಂಗಡ್ಯಾಗಿಂದ ನಾನ ತಂದು ಸುರೀತೀನಿ, ಅತ್ತಿ ಮಲಕೊಂಡಾಗ. ಅವರಿಗೆ ಹೇಳಬ್ಯಾಡ್ರಿ. ಗೊತ್ತಾದ್ರ ಊರಿಗೆ ಹೋಗ್ತಾರ."

ಶಶಿಕಾಂತ ಒಂದು ಹಿಡಿ ಜೋಳ ಎತ್ತಿ ನೋಡಿದ. "ಮೊನ್ನಿನೂ ಉಣ್ಣೂವಾಗ ನಮ್ಮ ಮಣ್ಣಿನ ರುಚಿನ ಬ್ಯಾರೆ ಅಂದ್ನೆಲ್ಲ?"

"ಅಂದ್ರಿ. ಇನ್ನೊಂದು ರೊಟ್ಟಿನೂ ಹಾಕಿಸ್ಕೊಂಡ್ರಿ."

"ಅವರಿಗೆ ಅಂದ್ರ, ಯಾರಿಗೆ?" ಟೆರೇಸಿನ ಬಾಗಿಲಲ್ಲಿ ಅಂಬವ್ವ ಏದುಸಿರು ಬಿಡುತ್ತ ನಿಂತಿದ್ದಳು. ಶೈಲಾಳ ಕೈಯ ಛತ್ರಿ ಮಡಚಿಕೊಂಡಿತು.

"ಬಡಿಯೂ ಕೈಗೆ ಹಿಟ್ಟು ಗೊತ್ತಾಗಂಗಿಲ್ಲೇನ ಯವ್ವಾ? ಮೊದಲನೇ ರೊಟ್ಟಿಗೇ ಗೊತ್ತಾತು. ಮುಗದೈತಿ ಅಂತ ನೀ ಹೇಳಲಿಲ್ಲ, ನಾ ಕೇಳಲಿಲ್ಲ. ಕೇಳಿದ್ರ ನಾ ಹೋಗಬೇಕಾಗ್ತಿತ್ತು."

ಸೊಸೆ ಅತ್ತೆಯ ತೋಳು ಹಿಡಿದುಕೊಂಡಳು.

"ಮತ್ತ ಟಿಕೇಟ ತಗಸು ಅಂದ್ಯಲ್ಲ, ಅವ್ವಾ?" ಎಂದ ಶಶಿಕಾಂತ.

"ಹಂಗ ಅನ್ನಲಿಲ್ಲಂದ್ರ ಇದನ್ನೆಲ್ಲಾ ನೀ ಮ್ಯಾಲೆ ಹೊತಗೊಂಡು ಬರತಿದ್ದೇನ? ಅಕಿನ ಹೊರತಿದ್ಲು."

ಒಂದೇ ಕೋಠಿಯಿಂದ ಉಣ್ಣುತ್ತಿದ್ದವರು ಮೂವರು. ಅದರೊಳಗೆ ಏನಿದೆಯೆಂದು ಇಬ್ಬರಿಗೆ ಗೊತ್ತಿತ್ತು. ಗೊತ್ತಿಲ್ಲದವನು ಲೋಕಕ್ಕೆಲ್ಲ ಆಹಾರಶಾಸ್ತ್ರ ಹೇಳುತ್ತಿದ್ದ. ನೀವು ನಕ್ಕದ್ದು ಸಾಕು. ನಿಮ್ಮ ಮನೆಗೆ ಅಕ್ಕಿ, ಜೋಳ ಯಾವ ಅಂಗಡಿಯಿಂದ, ಯಾರ ಹೆಗಲೇರಿ ಬರುತ್ತದೆ, ಹೇಳಿ ನೋಡೋಣ. ಗೊತ್ತಿಲ್ಲವೇ? ಹಾಗಾದರೆ ಮುಂದಿನ ಚೀಲ ನೀವೇ ಹೊತ್ತು ತನ್ನಿ.