ಬೆರಳ ತುದಿಯ ಸಾದು

ವಿಚಾರವಾದಿಯಾಗಿ ಬಾಳುವುದು ಕಷ್ಟವೇನಲ್ಲ, ಮನೆಗೆ ಮೊಮ್ಮಗಳು ಬರುವವರೆಗೆ. ಬೆಕ್ಕು ಅಡ್ಡ ಬಂದರೆ ಅದಕ್ಕೆ ದಾರಿ ಬಿಟ್ಟು ಮುಂದೆ ಹೋಗುವವನು ನಾನು. ಸ್ಕೂಟರನ್ನು ಬೇಕೆಂದೇ ರಾಹುಕಾಲದಲ್ಲಿ ಮನೆಗೆ ತಂದವನು. ಅದು ಆಗಾಗ ಕೈಕೊಡುತ್ತಿತ್ತು ಎಂಬುದು ಬೇರೆ ಮಾತು. ಮಗಳು ಶ್ರುತಿ ಕೂಸಾಗಿದ್ದಾಗ ನನ್ನ ಹೆಂಡತಿ ವಿಮಲಾ ಅವಳ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟರೆ, ಕರವಸ್ತ್ರ ಒದ್ದೆ ಮಾಡಿ ಒರೆಸಿ ಭಾಷಣ ಬಿಗಿಯುತ್ತಿದ್ದೆ. ವಿಮಲಾ ಪೂರ್ತಿ ಕೇಳಿಸಿಕೊಂಡು, ನಾನು ಆಫೀಸಿಗೆ ಹೊರಟ ಮೇಲೆ ಮತ್ತೆ ಇಡುತ್ತಿದ್ದಳು. ಜಯನಗರದ ನಮ್ಮ ಪಾರ್ಕಿನ ಬೆಂಚಿನಲ್ಲಿ ದೃಷ್ಟಿ, ಶಕುನಗಳ ಬಗ್ಗೆ ಈಗಲೂ ಕೊನೆಯ ಮಾತು ನನ್ನದೇ.

ಶ್ರುತಿ ಈಗ ಬಾಣಂತನಕ್ಕೆ ಬಂದಿದ್ದಾಳೆ. ಅವಳ ಸಂಶೋಧನೆ ಇಂಗಾಲದ ಅತಿ ಸಣ್ಣ ಕಣಗಳ ಮೇಲೆ. ಪಕ್ಕದಲ್ಲಿಟ್ಟರೆ ತಲೆಗೂದಲೇ ತೆಂಗಿನ ಮರದಂತೆ ಕಾಣಬೇಕು, ಅಷ್ಟು ಸಣ್ಣವು. ಇದ್ದಿಲಿನ ಜಾತಿಯ ಈ ಕಣಗಳು ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ನುಂಗಿ, ನೀಲಿ, ಹಸಿರು, ಕೆಂಪು ಬೆಳಕನ್ನು ಹೊರಗೆ ಬಿಡುತ್ತವಂತೆ. "ಇದ್ದಿಲು ಒಂದೇ, ಬಣ್ಣ ಮಾತ್ರ ಬೇರೆಬೇರೆ ಹೇಗಮ್ಮ?" ಎಂದೆ. "ಬ್ರೋಕರ್ ಕಮಿಷನ್ ಥರ ಅಂದ್ಕೋ ಅಪ್ಪ. ತಗೊಂಡ ಶಕ್ತೀಲಿ ಸ್ವಲ್ಪ ತಾನಿಟ್ಕೊಂಡು ಉಳಿದಿದ್ದನ್ನ ಬೆಳಕಾಗಿ ಕೊಡುತ್ತೆ. ಕಮ್ಮಿ ಇಟ್ಕೊಂಡ್ರೆ ನೀಲಿ, ಜಾಸ್ತಿ ಇಟ್ಕೊಂಡ್ರೆ ಕೆಂಪು. ಎಷ್ಟು ಇಟ್ಕೊಳುತ್ತೆ ಅನ್ನೋದು ಕಣದ ಸೈಜು, ಅದರ ಮೈಗೆ ಏನು ಅಂಟ್ಕೊಂಡಿದೆ, ಅಕ್ಕಪಕ್ಕ ಎಷ್ಟು ರಶ್ ಇದೆ ಅನ್ನೋದರ ಮೇಲೆ." ನನಗೆ ಅರ್ಧ ಅರ್ಥವಾಯಿತು. ಪಾರ್ಕಿನಲ್ಲಿ ಪೂರ್ತಿ ವಿವರಿಸಿದೆ.

ವಿಮಲಾ ಅಷ್ಟರಲ್ಲಿ ಸಬ್ಬಕ್ಕಿಯನ್ನು ಕರ್ರಗೆ ಸೀಯುವವರೆಗೆ ಹುರಿದು, ನೀರು ಹಾಕಿ ಕುದಿಸಿ, ಕರಟಕ್ಕೆ ಸುರಿದು ಒಣಗಿಸಿದ್ದಳು. ಇದೇ ಸಾದು, ಮಕ್ಕಳಿಗೆ ಇಡುವ ಕರಿ ಬೊಟ್ಟು. ಮಗುವಿನ ಮೈಗೆ ಏನೂ ಹಚ್ಚಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಶ್ರುತಿ ಬೇಡವೆಂದಳು. ನಾನೂ ಹೂಂಗುಟ್ಟಿದೆ, ಸ್ವಲ್ಪ ಜೋರಾಗಿಯೇ. "ಮಾಡಿಡ್ತೀನಿ, ಹಚ್ಚಲ್ಲ" ಎಂದು ವಿಮಲಾ ಕರಟವನ್ನು ದೇವರ ಗೂಡಿನಲ್ಲಿಟ್ಟಳು.

ಒಂದು ಸಂಜೆ ಸುಬ್ರಹ್ಮಣ್ಯಪುರದಿಂದ ವಿಮಲಾಳ ಚಿಕ್ಕಮ್ಮ ಬಂದರು. "ಎಷ್ಟು ಗುಂಡುಗುಂಡಾಗಿದಾಳೆ, ಅಳೋದೇ ಗೊತ್ತಿಲ್ವೇನೋ ಇವಳಿಗೆ" ಎಂದು ಪುಟ್ಟಿಯ ಕೆನ್ನೆ ಹಿಂಡಿ ಹೊರಟರು. ಅವರ ಆಟೋ ತಿರುವು ದಾಟಿರಲಿಲ್ಲ, ಪುಟ್ಟಿ ಶುರುಮಾಡಿದಳು. ಹಾಲು ಬೇಡ, ಹೆಗಲು ಬೇಡ, ತೊಟ್ಟಿಲು ಬೇಡ. ನಾನು ಹಜಾರದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಜಾರಕ್ಕೆ ತಿರುಗಿದೆ. ಫ್ಯಾನು ಹಾಕಿದೆ, ಆರಿಸಿದೆ. ಮಗುವಿನ ಹಣೆ ಮುಟ್ಟಿದೆ, ಅನುಮಾನ ಬಂದು ನನ್ನ ಹಣೆಯನ್ನೂ ಮುಟ್ಟಿಕೊಂಡೆ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು. ಶ್ರುತಿ ಡಾಕ್ಟರಿಗೆ ಫೋನು ಮಾಡಲು ಹೊರಗೆ ಹೋದಳು, ವಿಮಲಾ ಓಮದ ನೀರು ಕಾಸಲು ಒಳಗೆ ಹೋದಳು. ಕೋಣೆಯಲ್ಲಿ ಪುಟ್ಟಿ, ನಾನು, ಮತ್ತು ಗೂಡಿನಲ್ಲಿ ಕರಟ. ಬೆರಳು ಒದ್ದೆ ಮಾಡಿ ಸಾದಿಗೆ ಉಜ್ಜಿ ಅಂಗಾಲಿಗೊಂದು ಬೊಟ್ಟಿಟ್ಟು ಕಾಲುಚೀಲ ತೊಡಿಸಿದೆ. ಪುಟ್ಟಿ ಬಿಕ್ಕಿ ಬಿಕ್ಕಿ ನಿದ್ದೆಹೋದಳು. ಅತ್ತು ಸುಸ್ತಾಗಿದ್ದಳು, ಅಷ್ಟೇ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತ ಬೆರಳನ್ನು ನಲ್ಲಿಗೆ ಹಿಡಿದು ಒರೆಸಿಕೊಂಡೆ.

ಅಂದು ರಾತ್ರಿ ಮಗುವಿನ ಬಟ್ಟೆ ಬದಲಿಸುವಾಗ ಶ್ರುತಿಗೆ ಬೊಟ್ಟು ಸಿಕ್ಕಿತು. "ಅಮ್ಮ, ಬೇಡ ಅಂದಿದ್ದೆ ತಾನೆ?"

"ನಾನಿಟ್ಟಿಲ್ಲ ಕಣೆ, ಆಣೆಗೂ."

ನನ್ನ ಕಡೆ ಯಾರೂ ನೋಡಲೇ ಇಲ್ಲ. ಇಷ್ಟು ವರ್ಷ ಸಂಪಾದಿಸಿದ ಹೆಸರು ಕೈಹಿಡಿದಿತ್ತು. ಸುಮ್ಮನಿರಬಾರದೇ? "ಈ ಮೂಢನಂಬಿಕೆ ಅನ್ನೋದು..." ಎಂದು ಆರಂಭಿಸಿಬಿಟ್ಟೆ. ವಿಮಲಾಳ ಮುಖ ಸಣ್ಣದಾಯಿತು. ನನಗೆ ಕೆಡುಕೆನಿಸಿತು, ಆದರೆ ಮಾತು ನಿಲ್ಲಿಸುವಷ್ಟಲ್ಲ.

ಅಮ್ಮನ ಮುಖ ನೋಡಿ ಶ್ರುತಿಗೇ ಪಾಪವೆನಿಸಿರಬೇಕು. ಕರಟ ಎತ್ತಿಕೊಂಡು, "ಅಮ್ಮ, ನಾನು ಲ್ಯಾಬಲ್ಲಿ ಮಾಡೋದೂ ಹೆಚ್ಚುಕಮ್ಮಿ ಇದನ್ನೇ. ತಾಳು, ತೋರಿಸ್ತೀನಿ" ಎಂದಳು. ಗಾಜಿನ ಲೋಟದ ನೀರಿಗೆ ಚೂರು ಸಾದು ಕದಡಿ, ದೀಪ ಆರಿಸಿ, ಲ್ಯಾಬಿನಿಂದ ತಂದಿದ್ದ ನೇರಳಾತೀತ ಟಾರ್ಚು ಹಾಕಿದಳು. ಕರಟದ ಸಾದು ಕರ್ರಗೇ ಇತ್ತು. ಇಕ್ಕಟ್ಟಿನಲ್ಲಿ ಕಣಗಳು ಒಂದರ ಬೆಳಕನ್ನು ಇನ್ನೊಂದು ನುಂಗುತ್ತವಂತೆ. ಲೋಟದ ನೀರು ಮಾತ್ರ ತಿಳಿನೀಲಿಯಾಗಿ ಹೊಳೆಯಿತು. ನಾನು ಮೈಮರೆತೆ. "ನೋಡು ವಿಮಲಾ, ವಿಜ್ಞಾನ ಅಂದ್ರೆ ಇದು" ಎಂದು ಬೆರಳು ಚಾಚಿ ತೋರಿಸಿದೆ.

ಬೆರಳ ತುದಿ ಹಸಿರಾಗಿ ಹೊಳೆಯುತ್ತಿತ್ತು.

ಶ್ರುತಿ ಟಾರ್ಚನ್ನು ಅದರತ್ತಲೇ ತಿರುಗಿಸಿದಳು. "ಲೋಟದಲ್ಲಿ ತೆಳ್ಳಗಿದೆ, ಅದಕ್ಕೆ ನೀಲಿ. ಅಪ್ಪನ ಬೆರಳಲ್ಲಿ ಸ್ವಲ್ಪ ಒತ್ತಾಗಿದೆ, ಅದಕ್ಕೆ ಹಸಿರು. ಅಂದ್ರೆ ಸೋಪು ಹಾಕಿ ತೊಳೆದಿಲ್ಲ." ಇನ್ನೊಬ್ಬರ ಬಣ್ಣ ಬಯಲಾಯಿತು ಎಂದು ಪಾರ್ಕಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಯಾವ ಬಣ್ಣ ಎಂದು ಯಾರೂ ಕೇಳಿರಲಿಲ್ಲ.

ವಿಮಲಾ ಬೈಯಲಿಲ್ಲ. ನಿಧಾನವಾಗಿ ಬೆರಳು ಒದ್ದೆ ಮಾಡಿಕೊಂಡು ಕರಟಕ್ಕೆ ಉಜ್ಜಿದಳು. "ಬನ್ರಿ ಇಲ್ಲಿ. ಇಷ್ಟು ಚೆನ್ನಾಗಿ ಹೊಳೀತಿದೀರ, ಯಾರ ಕಣ್ಣಾದ್ರೂ ಬಿದ್ದೀತು."

ಭಾಷಣಕ್ಕೆಂದು ಬಾಯಿ ತೆರೆದೆ. ತೊಟ್ಟಿಲಲ್ಲಿ ಪುಟ್ಟಿ ನಿದ್ದೆಯಲ್ಲೇ ಮುಲುಗಿದಳು. ಬಾಯಿ ಮುಚ್ಚಿ ಕೆನ್ನೆ ಒಡ್ಡಿದೆ. ಮರುದಿನ ಪಾರ್ಕಿಗೆ ಹೊರಡುವ ಮುನ್ನ ಸೋಪು ಹಾಕಿಯೇ ತೊಳೆದುಕೊಂಡೆ.