ಬನ್ನಿ ಕಟ್ಟೆ ಏರಿದ ಬ್ರೇಕು

ಯಾರು, ಏನು, ಎಲ್ಲಿ, ಯಾವಾಗ, ಯಾಕೆ: ಸುದ್ದಿ ಬರೆಯುವ ಮೊದಲು ಈ ಪ್ರಶ್ನೆಗಳನ್ನು ಕೇಳಬೇಕೆಂದು ಪತ್ರಿಕೆಯವರು ನನಗೆ ಕಲಿಸಿದ್ದಾರೆ. ಗಡಿಯೂರು ಸಂಖ ಭಾಗದ ವರದಿಗಾರನಾಗಿ ಇವನ್ನು ಸರಪಂಚರಿಂದ ಹಿಡಿದು ಸಾಹೇಬರವರೆಗೆ ಎಲ್ಲರಿಗೂ ಕೇಳಿದ್ದೇನೆ. ಕೊನೆಯದನ್ನು ನನಗೆ ನಾನೇ ಒಮ್ಮೆ ಕೇಳಿಕೊಂಡಿದ್ದರೆ ನನ್ನ ಕಾರಿನ ಬ್ರೇಕಿಗೆ ಜನ ಕೈಮುಗಿಯುವ ಪ್ರಸಂಗ ಬರುತ್ತಿರಲಿಲ್ಲ.

ಹೆಂಡತಿಯ ತಮ್ಮ ಮಲ್ಲು ಬಿಳೂರಿನಲ್ಲಿ ಹೊಸ ಕಾರು ತಗೊಂಡ. ಅದರ ಗಾಲಿಯ ಸಂದಿಯಲ್ಲಿ ಕ್ಯಾಲಿಪರ್ ಕೆಂಪಗೆ ಹೊಳೆಯುತ್ತದೆ. ಕ್ಯಾಲಿಪರ್ ಎಂದರೆ ಬ್ರೇಕ್ ಒತ್ತಿದಾಗ ಗಾಲಿಯ ತಟ್ಟೆಯನ್ನು ಬಿಗಿಯಾಗಿ ಹಿಡಿಯುವ ಕಬ್ಬಿಣದ ಮುಷ್ಟಿ. ಅದಕ್ಕೆ ಬಣ್ಣ ಬಳಿದರೆ ಗಾಡಿ ಬೇಗ ನಿಲ್ಲುವುದಿಲ್ಲ, ಬೇಗ ಓಡುವುದೂ ಇಲ್ಲ. ಇಷ್ಟು ತಿಳಿದಿದ್ದರೂ, ನನ್ನ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಆತ ಹೇಳಿದ ಮಾತು ನನಗೆ ನಾಟಿತು.

"ಮಾವಾರ, ಗಾಲ್ಯಾಗ ತುಕ್ಕ ಹಿಡದ ಹೊಲದ ಕುಂಟಿ ಇಟ್ಟೀರೇನ್ರಿ?"

ಖಂಡೇನವಮಿಗೆ, ಅಂದರೆ ಆಯುಧಪೂಜೆಯ ದಿನ, ಬಿಳೂರಿನ ಮಾವನ ಮನೆಯ ಅಂಗಳದಲ್ಲಿ ಎಲ್ಲರ ಗಾಡಿಗಳನ್ನೂ ಸಾಲಾಗಿ ನಿಲ್ಲಿಸಿ ಪೂಜೆ ಮಾಡುತ್ತಾರೆ. ಪ್ರತಿ ವರ್ಷ ಮಲ್ಲು ತನ್ನ ಹಳೆಯ ಕಾರಿನಲ್ಲಿ ಬಂದು ಅಕ್ಕನನ್ನು ಕರೆದೊಯ್ಯುತ್ತಿದ್ದ, ನಾನು ಹಿಂದಿನ ಸೀಟಿನಲ್ಲಿ ಸಾಮಾನಿನ ಜೊತೆ ಹೋಗುತ್ತಿದ್ದೆ. ಈ ಸಲ ನಾವು ಕಾರು ಕೊಂಡಿದ್ದೆವು, ಹಳೆಯದಾದರೂ ಸ್ವಂತದ್ದು. ಹೆಂಡತಿ ಸುಮಿತ್ರಾ ತಾಯಿಗೆ ಫೋನ್ ಮಾಡಿ, "ಈ ಸಲ ತಮ್ಮನ್ನ ಕಳಸಬ್ಯಾಡವ್ವಾ, ನಮ್ಮ ಗಾಡ್ಯಾಗ ನಾವ ಬರತೀವಿ" ಅಂದಿದ್ದಳು. ಆ ಒಂದು ವಾಕ್ಯಕ್ಕಾಗಿ ಆಕೆ ಎಷ್ಟು ದಸರೆ ಕಾದಿದ್ದಳೋ!

ನಾನು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ ಪರಿಣತನಾದೆ. ಹಬ್ಬದ ಹೊಸ್ತಿಲಲ್ಲಿ ಮುಂದಿನ ಎರಡೂ ಗಾಲಿ ಬಿಚ್ಚಿ, ಕಾರನ್ನು ಕಲ್ಲಿನ ಮೇಲೆ ಕೂರಿಸಿ, ಕ್ಯಾಲಿಪರ್ ಕಳಚಿದೆ.

"ಮೇಸ್ತ್ರಿ ಕಡೆ ಕೊಡ್ರಿ. ಬ್ರೇಕ್ ಅದು, ಕಿಡಕಿ ಬಾಗಲಲ್ಲ," ಅಂದಳು ಸುಮಿತ್ರಾ.

"ಬಣ್ಣಾ ಹಚ್ಚಾಕ ಮೇಸ್ತ್ರಿ ಯಾಕ?"

"ನೀವು ಹೋದ ಸಲ ಗೇಟಿಗೆ ಹಚ್ಚಿದ್ರೆಲಾ. ಇನ್ನೂ ಎಮ್ಮಿ ಮೈಮ್ಯಾಲಿಂದ ಹೋಗಿಲ್ಲ."

ಈ ಟೀಕೆಯನ್ನು ನಾನು ನಿರಾಕರಿಸಿದೆ. ತುಕ್ಕು ತಿಕ್ಕಿ ಬಣ್ಣ ಹೊಡೆದೆ. ಡಬ್ಬಿಯ ಮುಚ್ಚಳದ ಮೇಲಿದ್ದದ್ದು ಅಪ್ಪಟ ಕೆಂಪು. ಕಬ್ಬಿಣದ ಮೇಲೆ ಬಂದದ್ದು ದೇವರ ಕಲ್ಲಿಗೆ ಬಳಿಯುವ ಕೇಸರಿ ಸಿಂಧೂರ.

ಧೂಳಿಲ್ಲದ ಜಾಗದಲ್ಲಿ ಒಣಗಿಸಬೇಕು ಎಂದು ವಿಡಿಯೋದವನು ಒತ್ತಿ ಹೇಳಿದ್ದ. ನಮ್ಮ ಕಡೆ ಅಂಥ ಜಾಗ ಹುಡುಕುವುದೇ ತನಿಖಾ ವರದಿ. ಅಂಗಳದಲ್ಲಿ ಧೂಳು, ಮಾಳಿಗೆಯ ಮೇಲೆ ಧೂಳು. ಓಣಿಯಲ್ಲಿ ಸ್ವಚ್ಛವಾಗಿದ್ದ ಸ್ಥಳ ಒಂದೇ: ನಮ್ಮ ಮನೆಯೆದುರಿನ ಬನ್ನಿ ಗಿಡದ ಕಟ್ಟೆ. ಯಾರೋ ದಿನಾ ಗುಡಿಸಿ ಸೆಗಣಿ ಸಾರಿಸುತ್ತಾರೆ. ಯಾರು, ಯಾಕೆ ಎಂದು ಕೇಳಲಿಲ್ಲ. ಸಂಜೆ ಎರಡೂ ಕ್ಯಾಲಿಪರುಗಳನ್ನು ಒಯ್ದು, ಹಸಿ ಬಣ್ಣ ಅಂಟದಿರಲೆಂದು ಗಿಡದ ಬುಡಕ್ಕೆ ಒರಗಿಸಿ ನೆಟ್ಟಗೆ ನಿಲ್ಲಿಸಿ ಬಂದೆ.

ನವರಾತ್ರಿಯಲ್ಲಿ ನಮ್ಮ ಭಾಗದ ಹೆಂಗಸರು ನಸುಕಿನಲ್ಲೇ ಎದ್ದು ಬನ್ನಿ ಗಿಡಕ್ಕೆ ಪೂಜೆ ಮಾಡುತ್ತಾರೆ. ಇದು ನನಗೆ ಗೊತ್ತಿತ್ತು. ಬನ್ನಿ ಪೂಜೆ ಭಕ್ತಿಯಿಂದ ನಡೆದಿದೆ ಎಂದು ಆ ವಾರವೇ ಪತ್ರಿಕೆಗೆ ಸುದ್ದಿ ಕಳಿಸಿದ್ದೆ. ನಾನು ಬರೆದದ್ದನ್ನು ನಾನೂ ಓದುವುದಿಲ್ಲ ಎಂಬುದು ಅಂದು ಖಚಿತವಾಯಿತು.

ಬೆಳಿಗ್ಗೆ ಹೋಗಿ ನೋಡಿದರೆ ಕ್ಯಾಲಿಪರುಗಳಿಗೆ ಅರಿಶಿನ, ಕುಂಕುಮ, ಚೆಂಡುಹೂವು. ಮುಂದೆ ದೀಪ, ಒಡೆದ ತೆಂಗಿನಕಾಯಿ. ಬ್ರೇಕ್ ಎಣ್ಣೆ ಇರಬೇಕಾದ ಕುಳಿಯಲ್ಲಿ ಹಾಲು. ಎದುರಿಗೆ ಪಕ್ಕದ ಮನೆಯ ಗೌರವ್ವಜ್ಜಿ ಕಣ್ಣು ಮುಚ್ಚಿ ಕೂತಿದ್ದಳು.

"ಅಜ್ಜೀ, ಅವು ನನ್ನ ಗಾಡೀ ಸಾಮಾನ."

"ಹಂಗ ಅನಬ್ಯಾಡೋ ತಮ್ಮಾ. ಅಕ್ಕ-ತಂಗಿ ದೇವರು ಬಂದ ಕುಂತಾರ."

"ನಿನ್ನಿ ಸಂಜಿಕ ನಾನ ತಂದ ಇಟ್ಟೀನಿ."

"ನಿನ್ನ ಕೈಲೆ ಇಡಿಸ್ಯಾರ."

"ಬಣ್ಣಾನೂ ನಾನ ಹಚ್ಚೀನಿ."

"ಮತ್ತ! ಇಲ್ಲಂದ್ರ ನಿನ್ನಂಥಾವ ಇಷ್ಟ ಚಲೋ ಹಚ್ಚತಿದ್ದನೇನ?"

ಇಷ್ಟು ಗಟ್ಟಿಯಾದ ಸ್ಪಷ್ಟೀಕರಣವನ್ನು ಯಾವ ಪುಢಾರಿಯೂ ನನಗೆ ಕೊಟ್ಟಿಲ್ಲ. ಬನ್ನಿ ಮುಡಿಯುವತನಕ, ಅಂದರೆ ದಸರೆ ಮುಗಿಯುವತನಕ, ಯಾರೂ ಮುಟ್ಟುವಂತಿಲ್ಲ ಎಂದು ಅಜ್ಜಿ ಆದೇಶ ಹೊರಡಿಸಿದಳು. ಸುತ್ತ ನಿಂತ ಹೆಂಗಸರು ತಲೆಯಾಡಿಸಿದರು. ಖಂಡೇನವಮಿ ಮರುದಿನವೇ ಇತ್ತು.

ಮನೆಗೆ ಓಡಿದೆ. "ನೀನರ ಹೇಳ ಅವರಿಗೆ."

ಸುಮಿತ್ರಾ ಒಲೆಯ ಮೇಲಿನ ಹೂರಣ ತಿರುವುತ್ತಿದ್ದಳು. "ನಾನೂ ಕುಂಕುಮ ಹಚ್ಚಿ ಬಂದೀನಿ. ಕತ್ತಲಾಗ ಗೊತ್ತಾಗಲಿಲ್ಲ."

"ಬೆಳಕ ಹರದಮ್ಯಾಲೆ ಗೊತ್ತಾತಲ್ಲ?"

"ಗೊತ್ತಾತು. ಅಷ್ಟ ಮಂದಿ ಮುಂದ ಏನನ್ಲಿ? ಇದು ದೇವರಲ್ಲ, ನಮ್ಮನಿಯವರ ಶಾಣ್ಯಾತನ ಅನ್ಲ್ಯಾ?"

ಆಮೇಲೆ ಆಕೆ ಕಲ್ಲಿನ ಮೇಲೆ ಕೂತ ಕಾರನ್ನು ಕಿಟಕಿಯಿಂದ ಒಮ್ಮೆ ನೋಡಿ, ಕೈ ಒರೆಸಿಕೊಂಡು, ಫೋನ್ ತೆಗೆದು ತಾಯಿಗೆ ಹೇಳಿದಳು: "ಅವ್ವಾ, ಮಲ್ಲೂನ್ನ ಕಳಸ." ಕಾರಣ ಹೇಳಲಿಲ್ಲ. ನನ್ನ ಬಗ್ಗೆ ಅಷ್ಟು ದಯೆ ತೋರಿಸಿದ್ದು ಆ ಹಬ್ಬದಲ್ಲಿ ಆಕೆ ಒಬ್ಬಳೇ.

ಮರುದಿನ ಮಲ್ಲು ಬಂದ. ಕಾರಣವನ್ನು ಓಣಿಯೇ ಅವನಿಗೆ ಹೇಳಿತು. ಕಟ್ಟೆಗೆ ಹೋಗಿ ಚಪ್ಪಲಿ ಬಿಟ್ಟು, ಭಕ್ತಿಯಿಂದ ಬಾಗಿ ನಮಸ್ಕರಿಸಿದ.

"ಮಾವಾರ, ನಂದೂ ಮುಂದಿನ ವರ್ಷ ಇಲ್ಲೇ ಇಡೂಣೇನ್ರಿ?"

ನಾನು ಪ್ರತಿಕ್ರಿಯೆಗೆ ಲಭ್ಯನಿರಲಿಲ್ಲ. ಹೋಳಿಗೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಸುಮಿತ್ರಾ ಮುಂದೆ ಕೂತು ದಾರಿಯುದ್ದಕ್ಕೂ ಹೊರಗೆ ನೋಡಿದಳು. ಬಿಳೂರು ಹತ್ತಿರ ಬಂದಾಗ ಕುರಿಹಿಂಡು ಅಡ್ಡ ಬಂತು. ಮಲ್ಲು ಬ್ರೇಕ್ ಒತ್ತಿದ. ಡಬ್ಬಿ ಕೆಳಗೆ ಬಿತ್ತು, ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು.

"ಹೆಂಗ ಹಿಡೀತೈತಿ ನೋಡ್ರಿ ಮಾವಾರ," ಅಂದ.

ಅದನ್ನು ನಾನು ಅಲ್ಲಗಳೆಯುವಂತಿರಲಿಲ್ಲ. ಹಣೆಯ ಮೇಲೆ ಸಾಕ್ಷಿ ಊದಿಕೊಳ್ಳುತ್ತಿತ್ತು.