ಕಟಿಂಗ್ ಮುಗಿದರೂ ಮುಗಿಯದ ಪುಸ್ತಕ

"ಇನ್ನು ಮೇಲೆ ಈ ಅಂಗಡಿಗೆ ಬಂದವನು ತಲೆ ಮೇಲಿರೋದನ್ನ ಇಲ್ಲೇ ಬಿಟ್ಟು, ತಲೆ ಒಳಗೆ ಏನಾದ್ರೂ ತುಂಬಿಕೊಂಡು ಹೋಗ್ಬೇಕು!" ಎಂದು ಸಲೂನಿನ ಯಜಮಾನ ಕನ್ನಡಿ ಒರೆಸುತ್ತಾ ಘೋಷಿಸಿದ. ಈ ಐತಿಹಾಸಿಕ ಘೋಷಣೆಯನ್ನು ಕೇಳಿದವರು ಇಬ್ಬರೇ. ಕನ್ನಡಿಯೊಳಗಿದ್ದ ಅವನು, ಮತ್ತು ಪರದೆಯ ಆಚೆಗಿದ್ದ ಅವನ ಹೆಂಡತಿ. ಕನ್ನಡಿಯೊಳಗಿದ್ದವನು ಭಕ್ತಿಯಿಂದ ತಲೆದೂಗಿದ.

"ಮೊದ್ಲು ತಲೆಗಳು ಬರ್ಲಿ. ತುಂಬೋದು ಆಮೇಲಾಯ್ತು" ಎಂದಳು ಹೆಂಡತಿ.

ಅಂಗಡಿ ಒಂದೇ. ಮಧ್ಯದಲ್ಲಿ ಒಂದು ದಪ್ಪ ಪರದೆ. ಮುಂದಿನ ಅರ್ಧದಲ್ಲಿ ಯಜಮಾನನ ಗಂಡಸರ ಸಲೂನು, ಹಿಂದಿನ ಅರ್ಧದಲ್ಲಿ ಹೆಂಡತಿಯ ಹೆಂಗಸರ ಪಾರ್ಲರು. ಅವಳ ಕಡೆ ಇರುವುದು ಒಂದೇ ಕುರ್ಚಿ, ಕಾಯುವವರು ಮಾತ್ರ ಗೋಡೆಯುದ್ದಕ್ಕೂ. ಅವನ ಕಡೆ ಎರಡು ಕುರ್ಚಿ. ಒಂದರ ಮೇಲೆ ಆಗಾಗ ಗಿರಾಕಿ ಕೂರುತ್ತಿದ್ದ, ಕಿಟಕಿ ಪಕ್ಕದ ಇನ್ನೊಂದರ ಮೇಲೆ ದಿನವಿಡೀ ನ್ಯೂಸ್‌ಪೇಪರು ಕೂರುತ್ತಿತ್ತು.

"ರೀ, ಆ ಪೇಪರ್‌ಗೆ ಕಟಿಂಗ್ ಯಾವಾಗ ಮುಗಿಯುತ್ತೆ? ಆ ಕುರ್ಚಿ ನನಗೆ ಕೊಡಬಾರ್ದಾ?" ಎಂದು ಅವಳು ವಾರಕ್ಕೊಮ್ಮೆ ಕೇಳುತ್ತಿದ್ದಳು.

ಕೇಳಿದಾಗಲೆಲ್ಲ ಅವನು ಓಡಿಹೋಗಿ ಆ ಕುರ್ಚಿಯನ್ನು ಒರೆಸಿಡುತ್ತಿದ್ದ. ಅದು ಏರುವ, ಇಳಿಯುವ, ತಿರುಗುವ, ಹಿಂದಕ್ಕೆ ಮಲಗುವ ಕುರ್ಚಿ. ಎರಡು ಕುರ್ಚಿ ಇದ್ದರೆ ಅದಕ್ಕೆ ಸಲೂನು ಎನ್ನುತ್ತಾರೆ. ಒಂದೇ ಆದರೆ ಹೆಂಡತಿಯ ಪಾರ್ಲರಿನ ಬಾಗಿಲಲ್ಲಿ ಗಂಡ ಕತ್ತರಿ ಹಿಡಿದು ನಿಂತಿದ್ದಾನೆ ಎನ್ನುತ್ತಾರೆ. ಹಾಗಾಗಿ ಗಂಡಹೆಂಡಿರ ನಡುವೆ ಒಪ್ಪಂದವಾಯಿತು. ಒಂದು ತಿಂಗಳು ಮುಗಿಯುವ ದಿನ ಎರಡೂ ಕುರ್ಚಿ ತುಂಬಿದ್ದರೆ ಕುರ್ಚಿ ಅವನದು. ಇಲ್ಲದಿದ್ದರೆ ಅದು ಪರದೆ ದಾಟಿ ಹೋಗುತ್ತದೆ.

ಕುರ್ಚಿ ಉಳಿಸಲು ಅವನು ಹೂಡಿದ ಉಪಾಯವೇ ಆಡಿಯೋ ಪುಸ್ತಕ. ಕಥೆ, ಕಾದಂಬರಿ ಅಲ್ಲ. ಜ್ಞಾನ, ವಿಜ್ಞಾನ, ಬದುಕು, ನಿಜವಾಗಿ ನಡೆದದ್ದು. ಬೆಳಗಿನ ವಾಕಿಂಗಿನಲ್ಲಿ ಇಂಥವನ್ನು ಕೇಳುವ ಚಟ ಅವನಿಗೆ ಇತ್ತೀಚೆಗೆ ಅಂಟಿತ್ತು. ಕಾಲುಭಾಗ ಕೇಳಿದರೆ ಸಾಕು, ಇಡೀ ಪುಸ್ತಕದ ಬಗ್ಗೆ ಅಭಿಪ್ರಾಯ ರೆಡಿ. ಅಂಥ ಪ್ರತಿಭೆ ಒಬ್ಬನಲ್ಲೇ ಕೊಳೆಯಬಾರದೆಂದು ಕನ್ನಡಿಯ ಮೇಲೊಂದು ಸ್ಪೀಕರ್ ಕೂರಿಸಿದ.

ಮೊದಲ ಪುಸ್ತಕ ನಿದ್ದೆಯ ಕುರಿತದ್ದು. ಓದುವವನ ದನಿ ಗಂಭೀರ, ಗಿರಾಕಿಗಳ ಮುಖ ಅದಕ್ಕಿಂತ ಗಂಭೀರ. ಎಲ್ಲವೂ ಸರಿ. ಆದರೆ ಒಂದು ಕಟಿಂಗ್ ಇಪ್ಪತ್ತು ನಿಮಿಷದ್ದು, ಪುಸ್ತಕ ಒಂಬತ್ತು ಗಂಟೆಯದು ಎನ್ನುವ ಸಣ್ಣ ಲೆಕ್ಕ ಮಾತ್ರ ಯಜಮಾನನಿಗೆ ಹೊಳೆದಿರಲಿಲ್ಲ. ಬಂದವರೆಲ್ಲ ಕೈಗೆ ಸಿಕ್ಕಷ್ಟು ಪುಸ್ತಕ ಕಿತ್ತುಕೊಂಡು ಎದ್ದು ಹೋಗುತ್ತಿದ್ದರು.

ರಿಟೈರ್ಡ್ ಹೆಡ್‌ಮಾಸ್ಟರರ ಪಾಲಿಗೆ ಬಂದದ್ದು ಮಧ್ಯಾಹ್ನದ ನಿದ್ದೆಯಿಂದ ಮನುಷ್ಯ ಹಾಳಾಗುತ್ತಾನೆ ಎನ್ನುವ ಭಾಗ. ನಿಜ ಹೇಳಬೇಕೆಂದರೆ ಅವರ ತಲೆಯಲ್ಲಿ ಕತ್ತರಿಗೆ ಕೆಲಸವೇ ಇರಲಿಲ್ಲ, ಹಳೆಯ ಗೌರವಕ್ಕಾಗಿ ಕಿವಿಯ ಸುತ್ತ ಒಂದು ಸುತ್ತು ಬರುತ್ತಿತ್ತು ಅಷ್ಟೆ. ಅವರ ನಂತರ ಕೂತ ಬಸ್ ಕಂಡಕ್ಟರಿಗೆ ಸಿಕ್ಕಿದ್ದು ಮಧ್ಯಾಹ್ನದ ನಿದ್ದೆ ಅಮೃತಸಮಾನ ಎನ್ನುವ ಭಾಗ. ಪೇಪರ್ ಓದುತ್ತಾ ಅಲ್ಲೇ ಉಳಿದಿದ್ದ ಮಾಸ್ಟರರಿಗೂ ಅವನಿಗೂ ಬಾಗಿಲಲ್ಲೇ ಜಗಳ ಹತ್ತಿಕೊಂಡಿತು.

"ನಾನು ಕಿವಿಯಾರೆ ಕೇಳಿದ್ದೀನಯ್ಯ!"

"ನಾನೇನು ಮೂಗಲ್ಲಿ ಕೇಳಿದ್ನಾ ಸಾರ್?"

ಆಗ ಪರದೆಯ ಆಚೆಯಿಂದ ಒಂದು ಹೆಣ್ಣುದನಿ ತೇಲಿಬಂತು. "ಕೆಟ್ಟದ್ದು ಅನ್ನೋದು ಹಳೇ ನಂಬಿಕೆ. ಅದನ್ನ ಮೊದ್ಲು ಪೂರ್ತಿ ಹೇಳಿ, ಮುಂದಿನ ಅಧ್ಯಾಯದಲ್ಲಿ ತಪ್ಪು ಅಂತ ತೋರಿಸ್ತಾರೆ. ಮಲಗ್ಬಹುದು, ಅರ್ಧ ಗಂಟೆ ಮೀರ್ಬಾರ್ದು ಅಷ್ಟೆ."

ಅದು ಹಲ್ಲಿನ ಡಾಕ್ಟ್ರಮ್ಮ. ತಲೆಗೆ ಬಣ್ಣ ಬಳಿಸಿಕೊಂಡು, ಅದು ಹಿಡಿಯಲೆಂದು ಬೆಳಗಿನಿಂದ ಒಳಗೆ ಕೂತಿದ್ದರು.

"ಒಳಗಿನೋರಿಗೆಲ್ಲ ಯಾಕೆ ಬೇಕಿತ್ತು ಗಂಡಸರ ಚರ್ಚೆ?" ಎಂದು ಯಜಮಾನ ಗೊಣಗಿದ. ಗೊಣಗಿದ್ದು ಜೋರಾಗಿ ಅಲ್ಲ. ಅವನ ದವಡೆಹಲ್ಲು ಅವರ ಕೈಯಲ್ಲೇ ರಿಪೇರಿಯಲ್ಲಿತ್ತು.

ಎರಡನೆಯ ಪುಸ್ತಕ ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳುವ ಕಲೆಯ ಬಗ್ಗೆ. ಕಂಡಕ್ಟರ್ ಶೇವಿಂಗಿಗೆ ಕೂತಾಗ ಬಂದ ಅಧ್ಯಾಯ, "ಮುಚ್ಚುಮರೆ ಬೇಡ, ಹೇಳಿಬಿಡಿ" ಎಂದಿತು. ಅವನು ನೆಟ್ಟಗೆ ಮನೆಗೆ ಹೋದ, ಅತ್ತೆಯ ಎದುರು ನಿಂತ, ಹೇಳಿಬಿಟ್ಟ. ಮರುದಿನ ಊಟದ ಡಬ್ಬಿ ಇಲ್ಲದೆ, ಹಳೇ ಅಂಗಿಯಲ್ಲಿ ಅಂಗಡಿ ಮುಂದೆ ಬಂದು ನಿಂತ.

"ಎಂಥ ಪುಸ್ತಕ ರೀ ಅದು? ನನ್ನ ಸಂಸಾರಕ್ಕೆ ಬೆಂಕಿ ಬಿತ್ತು."

"ಪುಸ್ತಕ ಅದ್ಭುತವಾಗಿದೆ. ನೀವು ಧೈರ್ಯ ಸಾಲದೆ ಮೆತ್ತಗೆ ಹೇಳಿರ್ಬೇಕು" ಎಂದ ಯಜಮಾನ.

ಪರದೆ ಮತ್ತೆ ಮಾತಾಡಿತು, ಈ ಸಲ ಬೇರೊಂದು ಹೆಣ್ಣುದನಿಯಲ್ಲಿ. "ಅಣ್ಣಾ, ಹೇಳೋಕ್ಕಿಂತ ಮುಂಚೆ ಎದುರಿನವರ ಮಾತು ಪೂರ್ತಿ ಕೇಳ್ಬೇಕು ಅಂತ ಅದರ ಮುಂದಿನ ಅಧ್ಯಾಯದಲ್ಲಿತ್ತು. ನೀವು ಎದ್ದು ಹೋದ್ರಲ್ಲ."

ಗಲಾಟೆಯೇನೋ ಆಯಿತು, ಆದರೆ ಜನ ಬಂದರು. ಜಗಳ ಎಲ್ಲಿದೆಯೋ ಅಲ್ಲಿ ಜನ ಇದ್ದೇ ಇರುತ್ತಾರೆ. ಕಿಟಕಿ ಪಕ್ಕದ ಕುರ್ಚಿಯಿಂದ ನ್ಯೂಸ್‌ಪೇಪರ್ ಕೆಳಗಿಳಿಯಿತು. ಕಟಿಂಗ್ ಮಾಡಿಸಿಕೊಂಡವರೂ ಏಳದೆ ಮುಂದಿನ ಪುಸ್ತಕ ಯಾವುದೆಂದು ವಾದಕ್ಕೆ ಕೂರತೊಡಗಿದರು. ಮಾಸ್ಟರರಿಗೆ ನಕ್ಷತ್ರಗಳ ಪುಸ್ತಕ ಬೇಕು, ಕಂಡಕ್ಟರಿಗೆ ಕ್ಷಮೆ ಕೇಳುವುದು ಹೇಗೆಂಬ ಪುಸ್ತಕ ತುರ್ತಾಗಿ ಬೇಕು. ಹೆಂಡತಿ ಪರದೆ ಸರಿಸಿ ಎರಡೂ ಕುರ್ಚಿ ನೋಡಿ ಒಳಗೆ ಹೋದಳು. ಯಜಮಾನನಿಗೆ ನೆಲವೇ ಕಾಣಲಿಲ್ಲ, ಅಷ್ಟು ಮೇಲಿದ್ದ. ಮೂರನೆಯ ಪುಸ್ತಕವನ್ನು ಯಾರನ್ನೂ ಕೇಳದೆ ತಾನೇ ಆರಿಸಿದ. ಗಣಿ ಕುಸಿದು ನೆಲದಡಿ ಸಿಕ್ಕಿಬಿದ್ದ ಕಾರ್ಮಿಕರನ್ನು ಹೊರತೆಗೆದ ವೃತ್ತಾಂತ ಅದು.

ಅದರ ಕೊನೆಯ ಅಧ್ಯಾಯ ಶುರುವಾಗುವ ಹೊತ್ತಿಗೆ ಕುರ್ಚಿಯಲ್ಲಿ ಬಂದು ಕೂತವನು ಅವನ ಭಾಮೈದ, ಹೆಂಡತಿಯ ಒಬ್ಬನೇ ತಮ್ಮ. ಮರುದಿನ ಅವನು ಕೆಲಸಕ್ಕೆ ಸೇರಬೇಕಿತ್ತು, ಕೂದಲು ಬೆಳೆಸುವ ಎಣ್ಣೆಯ ಕಂಪನಿಯಲ್ಲಿ ಸೇಲ್ಸ್‌ಮನ್ ಆಗಿ. ತಲೆಯಲ್ಲಿ ಪೊದೆಯಂಥ ಕೂದಲು. ಕೆಲಸ ಸಿಕ್ಕಿದ್ದೇ ಅದರಿಂದ.

"ಭಾವ, ಅಂಚು ಮಾತ್ರ ನೀಟಾಗಿ."

"ಶ್‌, ರಂಧ್ರ ಕೊರೀತಿದ್ದಾರೆ" ಎಂದ ಭಾವ.

ರಂಧ್ರ ಕೊರೆಯುತ್ತಿದ್ದರು. ಯಂತ್ರ ಕೆಟ್ಟಿತು. ಇನ್ನೊಂದು ತಂದರು. ಯಜಮಾನನ ಕಣ್ಣು ಸ್ಪೀಕರಿನ ಮೇಲೆ, ಕೈ ತನ್ನ ಪಾಡಿಗೆ ಭಾಮೈದನ ತಲೆಯ ಮೇಲೆ. ಎಡಗಡೆ ಕಡಿಮೆಯಾಯಿತೆನ್ನಿಸಿ ಬಲಗಡೆ ಕತ್ತರಿಸಿದ. ಈಗ ಬಲಗಡೆ ಕಡಿಮೆಯಾಗಿ ಎಡಗಡೆಗೆ ಬಂದ. ಭಾಮೈದನೂ ಕಣ್ಣುಮುಚ್ಚಿ, ಉಸಿರು ಬಿಗಿಹಿಡಿದು, ಗಣಿಯೊಳಗೇ ಇದ್ದ. ಕಾಯುತ್ತಿದ್ದವರೂ ಅಲ್ಲೇ ಇದ್ದರು. ಕೊನೆಗೂ ಕಟ್ಟಕಡೆಯ ಕಾರ್ಮಿಕ ಬೆಳಕಿಗೆ ಬಂದ. ಜೊತೆಗೆ ಭಾಮೈದನ ನೆತ್ತಿಯೂ ಬೆಳಕಿಗೆ ಬಂತು.

ಭಾಮೈದ ಕಣ್ಣು ತೆರೆದು ಕನ್ನಡಿ ನೋಡಿದ. "ಅಕ್ಕಾ" ಎಂದ ಸಣ್ಣ ದನಿಯಲ್ಲಿ.

ಅಕ್ಕ ಬಂದಳು. ತಮ್ಮನ ತಲೆ ನೋಡಿದಳು, ಗಂಡನ ಮುಖ ನೋಡಿದಳು. "ಇದೇನ್ರೀ, ಇಲಿ ಕಡಿದ ಹಾಗಿದೆ?"

"ಎಲ್ಲರೂ ಬದುಕಿ ಬಂದ್ರು ಕಣೇ" ಎಂದ ಅವನು. ಬಾಯಿಗೆ ಬಂದದ್ದು ಅದೊಂದೇ.

ಅವಳು ತಮ್ಮನ ಕೈಹಿಡಿದು ಪರದೆಯೊಳಗೆ ಕರೆದೊಯ್ದಳು. ಪಾಪ, ಏನಾಗುತ್ತದೋ ನೋಡೋಣವೆಂದು ಗಿರಾಕಿಗಳೂ ಹಿಂದೆಯೇ ನುಗ್ಗಿದರು. ಅವಳು ಟ್ರಿಮ್ಮರ್ ಹಿಡಿದು ಇಡೀ ತಲೆಯನ್ನು ಒಂದೇ ಸಮನಾಗಿ ತೆಗೆದು, ಗಡ್ಡಕ್ಕೊಂದು ಆಕಾರ ಕೊಟ್ಟು ಎಬ್ಬಿಸಿದಾಗ ಹುಡುಗ ಮೊದಲಿಗಿಂತ ಲಕ್ಷಣವಾಗಿ ಕಂಡ. ಎಣ್ಣೆ ಕಂಪನಿಯವರೂ ಮರುದಿನ ಅವನನ್ನು ವಾಪಸ್ ಕಳಿಸಲಿಲ್ಲ. ಎಣ್ಣೆ ಬಳಸುವುದಕ್ಕೆ ಮುಂಚಿನ ಫೋಟೋಗೆ ಇಂಥದೇ ತಲೆ ಹುಡುಕುತ್ತಿದ್ದರಂತೆ.

ಆದರೆ ಒಳಗೆ ಹೋದ ಗಂಡಸರ ಕಣ್ಣಿಗೆ ಬಿದ್ದದ್ದು ಬೇರೆಯೇ. ಅಲ್ಲಿ ಹೆಂಗಸರು ತಲೆಗೆ ಬಣ್ಣ, ಮುಖಕ್ಕೆ ಲೇಪ ಹಚ್ಚಿಕೊಂಡು ಗಂಟೆಗಟ್ಟಲೆ ಗೋಡೆಗೆ ಒರಗಿ ಕೂತಿದ್ದರು. ಪುಸ್ತಕವನ್ನು ಅಧ್ಯಾಯಗಟ್ಟಲೆ ಕೇಳಿದ್ದರು. ಒಬ್ಬರು ಎದ್ದು ಹೋದ ಮೇಲಿನದ್ದನ್ನು ಇನ್ನೊಬ್ಬರು ಕೇಳಿಸಿಕೊಂಡು ತಿಳಿಸುತ್ತಿದ್ದರು.

ಹೆಡ್‌ಮಾಸ್ಟರರು ಯಜಮಾನನ ಹೆಂಡತಿಯ ಕಡೆ ತಿರುಗಿದರು. "ಏನಮ್ಮಾ, ನಿಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯೋದು ಯಾವುದು?"

"ಕೂದಲಿಗೆ ಬಣ್ಣ, ಸಾರ್. ಆದರೆ ನಿಮಗೆ..."

"ಇದ್ದಷ್ಟಕ್ಕೇ ಹಚ್ಚು. ನಿಧಾನವಾಗಿ ಹಚ್ಚು."

ಕಂಡಕ್ಟರ್ ಫೇಶಿಯಲ್‌ಗೆ ಹೆಸರು ಬರೆಸಿದ. ಹೊಳೆಯುವ ಮುಖ ಹೊತ್ತು ಹೋದರೆ ಅತ್ತೆ ಕರಗಬಹುದೆಂಬ ಆಸೆಯೂ ಇತ್ತು. ವಾರದೊಳಗೆ ಗಂಡಸರ ಸಲೂನು ಪೂರ್ತಿ ಪರದೆಯ ಆಚೆಗೆ ವಲಸೆ ಹೋಯಿತು. ಮುಂದೇನು ಕೇಳಬೇಕೆಂಬ ತೀರ್ಮಾನವೂ ಅಲ್ಲೇ ಆಗತೊಡಗಿತು. ಸ್ಪೀಕರನ್ನೂ ಯಾರೋ ಒಳಗೆ ಒಯ್ದರು.

ತಿಂಗಳು ತುಂಬಿದ ದಿನ ಯಜಮಾನ ಕಿಟಕಿ ಪಕ್ಕದ ಕುರ್ಚಿಯಲ್ಲಿ ತಾನೇ ಗಟ್ಟಿಯಾಗಿ ಕೂತು, ಎರಡು ಕೈಗಳನ್ನೂ ಹಿಡಿಕೆಯ ಮೇಲಿಟ್ಟುಕೊಂಡಿದ್ದ. ಅವನಿಗೆ ನಿಜಕ್ಕೂ ಅಳು ಬರುವಂತಾಗಿತ್ತು. ಹೆಂಡತಿ ಪರದೆ ಸರಿಸಿ ತಲೆ ಹೊರಹಾಕಿದಳು.

"ರೀ, ಒಳಗೆ ಜನ ನಿಂತಿದ್ದಾರೆ. ಆ ಖಾಲಿ ಕುರ್ಚಿ ಕೊಡಿ."

"ಖಾಲಿ ಎಲ್ಲಿದೆ? ನಾನು ಕೂತಿದ್ದೀನಲ್ಲ."

"ಗೊತ್ತು ರೀ. ನೋಡಿಯೇ ಹೇಳಿದ್ದು" ಎಂದಳು ಅವಳು.